ಮಂಚಿಕೆಯ ಪೂರ್ವವೃತ್ತಾಂತ

ಶಿವರಾತ್ರಿಯ ವ್ರತಕಥೆಯನ್ನು ಒಮ್ಮೆಯಾದರೂ ಕೇಳದ ಕನ್ನಡಿಗನು ಇರಲಾರನು. ಹಗಲೆಲ್ಲ ಅಡವಿಯಲ್ಲಿ ಅಲೆದರೂ ಬೇಟೆ ದೊರೆಯದೆ, ಮನೆಯಲ್ಲಿ ಹಸಿದು ಕುಳಿತ ಹೆಂಡಿರು ಮಕ್ಕಳನ್ನು ನೆನೆದು, ಸಂಜೆಗತ್ತಲಿನಲ್ಲಿ ಕೊಳದ ದಂಡೆಯ ಬಿಲ್ವವೃಕ್ಷವನ್ನು ಏರಿ, ನೀರಿಗೆ ಬರುವ ಮೃಗವನ್ನು ಕಾಯುತ್ತ ಕುಳಿತ ಬೇಡನು, ನಿದ್ರೆ ಬಾರದಿರಲೆಂದು ಒಂದೊಂದಾಗಿ ಎಲೆಗಳನ್ನು ಕಿತ್ತು ಕೆಳಗೆ ಬಿಡಲು, ಅವು ಬುಡದಲ್ಲಿದ್ದ ಲಿಂಗದ ಮೇಲೆ ಬಿದ್ದು, ಅವನಿಗೆ ಅರಿವಿಲ್ಲದೆಯೇ ಜಾಗರಣೆಯ ಹಾಗೂ ಅರ್ಚನೆಯ ಫಲವೆರಡೂ ಲಭಿಸಿದುವೆಂಬುದು ಕಥೆಯ ಸಾರ. ಶಿವಪುರಾಣದಲ್ಲಿ ಸಂಸ್ಕೃತದ ಉಡುಪಿನಲ್ಲಿ ನಿಂತಿರುವ ಈ ವೃತ್ತಾಂತವು ಬಾದಾಮಿ, ಹುನಗುಂದಗಳ ಹಳ್ಳಿಗಳಲ್ಲಿ ಪತ್ರಿಗಿಡದ ಕೆಳಗೆ ಕುಳಿತು ಹೇಳುವ ಮನೆಮಾತಿನ ಕಥೆಯಾಗಿಯೂ ಬಾಳಿದೆ. ಭಕ್ತರು ಇದರಲ್ಲಿ ಶಿವನ ಕಾರುಣ್ಯವನ್ನು ಕಾಣುವರು. ಅದು ಯುಕ್ತವೇ ಸರಿ. ಆದರೆ ಕಸುಬಿನ ಕಣ್ಣಿನಿಂದ ನೋಡುವವನಿಗೆ ಮತ್ತೊಂದು ಸಂಗತಿಯು ಹೊಳೆಯದಿರದು. ಕಥೆಯನ್ನು ಕಟ್ಟಿದವನು ಯಾರೇ ಆಗಿರಲಿ, ಬೇಟೆಯ ಮರ್ಮವನ್ನು ಬಲ್ಲವನಾಗಿದ್ದನು. ಹಳ್ಳಕೊಳ್ಳಗಳು ಬತ್ತಿ ಮೃಗಗಳೆಲ್ಲ ಉಳಿದ ಒಂದೆರಡು ಮಡುಗಳಿಗೆ ಬರಲೇಬೇಕಾದ ಮಾಘಮಾಸದ ಕೊನೆ, ನೀರಿನ ದಂಡೆಯ ಮರ, ನಾಲ್ಕು ಯಾಮಗಳ ಕಾಯುವಿಕೆ, ಮತ್ತು ಬೇಟೆಗಾರನ ಪರಮವೈರಿಯಾದ ನಿದ್ರೆ, ಇವೆಲ್ಲವೂ ಇದ್ದಂತೆಯೇ ಬಂದಿವೆ. ಕೊರತೆಯು ಒಂದೇ. ಆ ಬಡಪಾಯಿಗೆ ಕುಳಿತುಕೊಳ್ಳಲು ಆಸನವಿರಲಿಲ್ಲ. ಬರಿಯ ಕೊಂಬೆಯ ಮೇಲೆ ಇರುಳನ್ನು ಕಳೆದನು. ಹೊರಸೊಂದನ್ನು ಮರಕ್ಕೆ ಕಟ್ಟಿಕೊಂಡಿದ್ದನಾದರೆ ಎರಡನೆಯ ಯಾಮಕ್ಕೇ ಗೊರಕೆ ಹೊಡೆಯುತ್ತಿದ್ದನು. ಶಿವರಾತ್ರಿಗೊಂದು ಕಥೆಯೂ ಉಳಿಯುತ್ತಿರಲಿಲ್ಲ.

ಈ ಬರಹದ ವಿಷಯವು ಆ ಆಸನವೇ. ಮರದ ಕೊಂಬೆಗಳ ನಡುವೆ ತೂಗುಬಿಟ್ಟು, ಇಲ್ಲವೆ ನಾಲ್ಕು ಗೂಟಗಳ ಮೇಲೆ ನಿಲ್ಲಿಸಿ, ಮನೆಯವರೇ ಕಟ್ಟಿಕೊಳ್ಳುವ ಈ ಎತ್ತರದ ಪೀಠವನ್ನು ನಮ್ಮವರು ಮಂಚಿಕೆಯೆಂದೂ ಅಟ್ಟವೆಂದೂ ಕರೆಯುತ್ತ ಬಂದಿದ್ದಾರೆ. ಇದರ ಚರಿತ್ರೆಯನ್ನು ಗ್ರಂಥಗಳಲ್ಲಿ ಹುಡುಕಹೊರಟವನಿಗೆ ಮೊದಲು ಎದುರಾಗುವುದು ರಾಜರ ಬೇಟೆ. ಕಲ್ಯಾಣದ ಚಾಲುಕ್ಯ ಚಕ್ರವರ್ತಿಯಾದ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದ ಪೂರ್ವಾರ್ಧದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಮೃಗಯಾವಿನೋದಕ್ಕೆ ಪ್ರತ್ಯೇಕ ಪ್ರಕರಣವೇ ಉಂಟು; ಪಳಗಿಸಿದ ಜಿಂಕೆಯನ್ನು ಮುಂದೊಡ್ಡಿ ಕಾಡಿನ ಜಿಂಕೆಯನ್ನು ಸೆಳೆಯುವ ಉಪಾಯವನ್ನೂ, ಬೇಟೆನಾಯಿಗಳ ಲಕ್ಷಣಗಳನ್ನೂ ಆ ಅರಸನು ತಾನು ಕಂಡು ಬಲ್ಲವನಂತೆ ವಿವರಿಸುತ್ತಾನೆ. ಹಂಪೆಯ ರಾಘವಾಂಕನ ಹರಿಶ್ಚಂದ್ರನು ಬೇಟೆಗೆ ಹೊರಟ ಸಂಭ್ರಮವು ಕಾವ್ಯರಸಿಕರಿಗೆಲ್ಲ ಪರಿಚಿತವಾದುದು. ಪಟ್ಟದಕಲ್ಲಿನ ಪಾಪನಾಥ ದೇವಾಲಯದ ಭಿತ್ತಿಯಲ್ಲಿ ಕಿರಾತವೇಷದ ಶಿವನೂ ಅರ್ಜುನನೂ ಒಂದೇ ಹಂದಿಗಾಗಿ ಹೋರಾಡುವ ಪ್ರಸಂಗವು ಶಿಲೆಯಲ್ಲಿ ಮೂಡಿದೆ. ಆದರೆ ಇವರೆಲ್ಲರೂ ಮೃಗವನ್ನು ಅರಸಿಹೋಗುವವರು. ಕುದುರೆ, ನಾಯಿ, ಪರಿವಾರ, ಕಹಳೆ, ಇವುಗಳ ಬಲವುಳ್ಳವನಿಗೆ ಕಾಯುವ ಪ್ರಮೇಯವೇ ಬಾರದು. ಮೃಗವು ತಾನಾಗಿ ಬರುವವರೆಗೆ ಉಸಿರು ಬಿಗಿಹಿಡಿದು ಕುಳಿತಿರುವವನು ಬಡವನು. ಅದರಲ್ಲಿಯೂ ಬಹುಮಟ್ಟಿಗೆ, ಮೃಗವು ಎಲ್ಲಿಗೆ ಬರುವುದೆಂಬುದನ್ನು ಚೆನ್ನಾಗಿ ಬಲ್ಲ ಒಕ್ಕಲಿಗನು. ಏಕೆಂದರೆ ಅದು ಬರುವುದು ಅವನ ಹೊಲಕ್ಕೆ.

ಈ ಮಾತನ್ನು ನಾನು ಒತ್ತಿ ಹೇಳುವುದಕ್ಕೆ ಕಾರಣವಿದೆ. ಮರದ ಮೇಲಿನ ಆಸನವೆಂದೊಡನೆ ನಮ್ಮ ಓದುಗರ ಮನಸ್ಸಿಗೆ ಬರುವುದು ಸಾಹೇಬರ ಶಿಕಾರಿಯ ಮಚಾನು. ಬೆಂಗಳೂರಿನ ಕೆನೆತ್ ಆಂಡರ್ಸನ್ನರು ನರಭಕ್ಷಕ ವ್ಯಾಘ್ರಗಳಿಗಾಗಿ ಮರದಲ್ಲಿ ಹೊರಸು ಕಟ್ಟಿಸಿ ರಾತ್ರಿಗಳನ್ನು ಕಳೆದ ವೃತ್ತಾಂತವು ಪೂರ್ಣಚಂದ್ರ ತೇಜಸ್ವಿಯವರ ‘ಕಾಡಿನ ಕತೆಗಳು’ ಮಾಲೆಯ ಮೂಲಕ ಕನ್ನಡದ ಮನೆಮನೆಗೂ ಮುಟ್ಟಿದೆ. ಕತೆಗಳು ಸೊಗಸಾಗಿವೆ, ನಿಜ. ಆದರೆ ಆ ಹೊರಸು ಯಾರದು? ಸಾಹೇಬನು ತನ್ನ ಬಂಗಲೆಯಿಂದ ತಂದುದಲ್ಲ. ಹತ್ತಿರದ ಹಳ್ಳಿಯಲ್ಲಿ ಬೇಡಿ ತರಿಸಿದುದು. ಅದನ್ನು ಕೊಂಬೆಗೆ ಬಿಗಿದವನೂ, ಸುತ್ತ ಎಲೆ ಮುಚ್ಚಿದವನೂ, ಗಾಳಿ ಯಾವ ಕಡೆಯಿಂದ ಬೀಸುವುದೆಂದು ಹೇಳಿದವನೂ ಅದೇ ಹಳ್ಳಿಯವನು. ಬಂದೂಕಿನ ಕುದುರೆಯನ್ನು ಎಳೆದ ಬೆರಳೊಂದೇ ಹೊರಗಿನದು.

ಬಾಗಲಕೋಟೆಯ ನಾಡಿನಲ್ಲಿ ಈ ಮಂಚಿಕೆಯು ಎರಡು ರೂಪವನ್ನು ತಾಳಿದೆ. ಎರಡಕ್ಕೂ ಕಾರಣ ಮಣ್ಣು. ಹುನಗುಂದ, ಇಳಕಲ್ಲುಗಳ ಸುತ್ತ ಹಬ್ಬಿರುವುದು ಎರೆಯ ಭೂಮಿ. ಕಣ್ಣು ಹಾಯುವಷ್ಟು ದೂರವೂ ಹಿಂಗಾರಿ ಬಿಳಿಜೋಳದ ಹೊಲ. ನಡುನಡುವೆ ಎಲ್ಲಿಯೋ ಒಂದು ಜಾಲಿ, ಬಾವಿಯ ಬಳಿ ಒಂದು ಬೇವು. ಕಟ್ಟುವುದಕ್ಕೆ ಮರವೇ ಇಲ್ಲದಿರುವಲ್ಲಿ ಮರದ ಆಸನವು ಹೇಗೆ ಸಾಧ್ಯ? ಆದಕಾರಣ ಅಲ್ಲಿಯ ರೈತನು ಜಾಲಿಯ ಕವೆಗೂಟಗಳನ್ನು ನಾಲ್ಕು ಮೂಲೆಗೆ ಹೂಳಿ, ಅಡ್ಡಗಳುಗಳನ್ನು ಹಾಯಿಸಿ, ಮೇಲೆ ಕಣಿಕೆಯನ್ನು ಹಾಸಿ, ಬೆಳೆಯ ತಲೆಗಿಂತ ಒಂದು ಗೇಣು ಮಿಗಿಲಾಗಿ ಕಾಣಿಸುವಂತೆ ಅಟ್ಟವನ್ನು ನಿಲ್ಲಿಸುತ್ತಿದ್ದನು. ಸಂಕ್ರಾಂತಿಯ ಎಡಬಲದಲ್ಲಿ ತೆನೆಯು ಹಾಲುಗಟ್ಟಿ ಸೀತನಿಯ ಹದಕ್ಕೆ ಬಂದಾಗ ಹಿಂಡುಹಿಂಡಾಗಿ ಎರಗುವ ಗಿಳಿ, ಗುಬ್ಬಿಗಳನ್ನು ಹಗಲೆಲ್ಲ ಅದರ ಮೇಲೆ ನಿಂತು ಕವಣೆಯಿಂದ ಎಬ್ಬಿಸುವುದು ಹುಡುಗರ, ಹೆಂಗಸರ ಕೆಲಸವಾಗಿತ್ತು. ಇರುಳಿನ ಕಾವಲು ಗಂಡಸರದು. ಚಿಗರಿಗಳು ಹಿಂಡುಗಟ್ಟಿ ಓಡುತ್ತಿದ್ದ ಕಾಲದಲ್ಲಿ ಅವೂ ಈ ಬಯಲಿನ ಬೆಳೆಗೆ ಬಾಯಿ ಹಾಕುತ್ತಿದ್ದುವು. ಬಯಲಿನ ಬೇಟೆಗೆ ಮಾತ್ರ ಮಂಚಿಕೆಯು ಒಗ್ಗುವುದಲ್ಲ. ಅಲ್ಲಿ ನಾಯಿಯೇ ಮೇಲು. ಮುಧೋಳದ ಬೇಟೆನಾಯಿಯು ಇಂತಹ ಮರವಿಲ್ಲದ ವಿಸ್ತಾರದಲ್ಲಿ ಕಣ್ಣಿಗೆ ಕಂಡ ಮೊಲವನ್ನು ಓಡಿ ಹಿಡಿಯುವುದಕ್ಕೆಂದೇ ರೂಪುಗೊಂಡ ಪ್ರಾಣಿ. ಮುಧೋಳ ಸಂಸ್ಥಾನದ ಮಾಲೋಜಿರಾವ್ ಘೋರ್ಪಡೆಯವರು ಆ ತಳಿಯನ್ನು ಉದ್ಧರಿಸಿದರು. 2005ರಲ್ಲಿ ಭಾರತದ ಅಂಚೆಚೀಟಿಯ ಮೇಲೆ ಅದರ ಚಿತ್ರವು ಅಚ್ಚಾಯಿತು. ನಾಯಿಗೆ ದೊರೆತ ಈ ಮನ್ನಣೆಯು ಮಂಚಿಕೆಗೆ ಇನ್ನೂ ದೊರೆತಿಲ್ಲ.

ಬಾದಾಮಿಯ ಕಡೆಗೆ ಸಾಗಿದೊಡನೆ ನೆಲವು ಬೇರೆಯಾಗುತ್ತದೆ. ಕೆಂಪು ಮರಳುಗಲ್ಲಿನ ಗುಡ್ಡಗಳು, ಅವುಗಳ ಸಂದುಗಳಲ್ಲಿ ಕುರುಚಲು ಕಾಡು, ಗುಡ್ಡದ ಅಡಿಯಲ್ಲಿ ಶೇಂಗಾ, ಸಜ್ಜೆಗಳನ್ನು ಬೆಳೆಯುವ ಮಸಾರಿ ಹೊಲಗಳು. ಈ ಗುಡ್ಡಗಳಲ್ಲಿ ಮನುಷ್ಯನು ಬೇಟೆಯಾಡಿದ ಇತಿಹಾಸವು ಚಾಲುಕ್ಯರಿಗಿಂತ ಎಷ್ಟೋ ಸಹಸ್ರ ವರ್ಷಗಳಷ್ಟು ಹಳೆಯದು. ಬಾದಾಮಿಗೆ ಅನತಿದೂರದ ಸಿಡಿಲಫಡಿಯ ಬಂಡೆಯ ಆಸರೆಯಲ್ಲಿ ಆದಿಮಾನವನು ಬರೆದ ಚಿತ್ರಗಳು ಮಾಸಲಾಗಿಯಾದರೂ ಇಂದಿಗೂ ಉಳಿದಿವೆ. ಗುಡ್ಡವು ಹಂದಿಗೆ ಹಗಲಿನ ಮನೆ, ಹೊಲವು ಇರುಳಿನ ಊಟದ ಎಲೆ. ಒಂದು ಹಂದಿಯ ಹಿಂಡು ಒಂದೇ ರಾತ್ರಿಯಲ್ಲಿ ಶೇಂಗಾದ ಸಾಲನ್ನು ನೇಗಿಲು ಹೊಡೆದಂತೆ ಉತ್ತು ಹೋಗುವುದನ್ನು ಕಂಡವನೇ ಬಲ್ಲ. ಇಲ್ಲಿ ಹೊಲದ ಅಂಚಿನಲ್ಲಿ ಬೇವು, ಹುಣಸೆ, ಮಾವುಗಳು ಉಂಟು. ಆದುದರಿಂದ ಇಲ್ಲಿಯ ಮಂಚಿಕೆಯು ಗೂಟವನ್ನು ಬಿಟ್ಟು ಮರವನ್ನು ಸೇರಿತು.

ಅದನ್ನು ಕಟ್ಟುವ ಬಗೆಯನ್ನು ಸ್ವಲ್ಪ ವಿಸ್ತಾರವಾಗಿ ಹೇಳುವುದು ಉಚಿತ. ಯಾವ ಸಾಮಗ್ರಿಯನ್ನೂ ಪೇಟೆಯಿಂದ ತರಬೇಕಾದುದಿಲ್ಲ. ಮನೆಯಲ್ಲಿ ಹಳತಾಗಿ ಮೂಲೆ ಸೇರಿದ ಹೊರಸು, ಎತ್ತಿನ ಕೊರಳಿನಿಂದ ಬಿಚ್ಚಿದ ಕಣ್ಣಿಗಳು, ಎರಡು ಗೋಣಿತಟ್ಟು, ಒಂದು ಕಂಬಳಿ, ಮತ್ತು ಸಾಕಷ್ಟು ಉದ್ದದ ಪುಂಡಿನಾರಿನ ಹಗ್ಗ; ಇಷ್ಟಾದರೆ ಸಾಕು. ಪುಂಡಿಯು ಈ ನಾಡಿನವರಿಗೆ ಅನ್ನವೂ ಹೌದು, ಆಧಾರವೂ ಹೌದು. ಎಲೆಯನ್ನು ಪಲ್ಯ ಮಾಡಿ ರೊಟ್ಟಿಯ ಸಂಗಡ ಉಂಡು, ಬಲಿತ ದಂಟನ್ನು ನೀರಿನಲ್ಲಿ ಕೊಳೆಹಾಕಿ, ಸುಲಿದ ನಾರನ್ನು ತೊಳೆದು ಒಣಗಿಸಿ ಹೊಸೆದರೆ ಹಗ್ಗ. ಪಂಚಮಿಗೆ ಬೇವಿನ ಟೊಂಗೆಗೆ ಜೋಕಾಲಿ ಕಟ್ಟಿ ಹೆಣ್ಣುಮಕ್ಕಳು ಜೀಕಿದ ಹಗ್ಗವೇ, ಹಬ್ಬ ಕಳೆದು ಶೇಂಗಾದ ಕಾಯಿ ಬಲಿಯುವ ಹೊತ್ತಿಗೆ, ಮಂಚಿಕೆಯ ಹಗ್ಗವಾಗುವುದು. ಇಳಕಲ್ಲಿನ ಸೀರೆಯ ಟೋಪತೆನಿ ಸೆರಗನ್ನು ಕುರಿತು ಬರೆದವರು ಹಲವರಿದ್ದಾರೆ. ಹೊರಸಿನ ಹೆಣಿಗೆಯನ್ನು ಕುರಿತು ಅಷ್ಟು ಬರೆದವರಿಲ್ಲವೆಂಬುದನ್ನು ಇಲ್ಲಿಯೇ ಒಂದು ಮಾತಿನಲ್ಲಿ ಹೇಳಿಬಿಡುವೆನು.

ಮರವನ್ನು ಆರಿಸುವುದರಲ್ಲಿಯೇ ಅರ್ಧ ಕೆಲಸವು ಮುಗಿಯುತ್ತದೆ. ಆಳಿನ ಎರಡರಷ್ಟು ಎತ್ತರದಲ್ಲಿ, ಎಂದರೆ ಹತ್ತು ಹನ್ನೆರಡು ಅಡಿಯ ಮೇಲೆ, ಕಾಂಡವು ಕವಲೊಡೆದಿರಬೇಕು. ಅದಕ್ಕಿಂತ ಕೆಳಗಾದರೆ ಮನುಷ್ಯನ ವಾಸನೆಯು ನೆಲಕ್ಕಿಳಿದು ಹಂದಿಯ ಮೂಗಿಗೆ ತಗಲುವುದು, ಬಹಳ ಮೇಲಾದರೆ ಕೊಂಬೆರೆಂಬೆಗಳು ಅಡ್ಡವಾಗಿ ಬುಡದಲ್ಲಿ ನಿಂತ ಪ್ರಾಣಿಯೂ ಕಾಣದು. ಹಂದಿಯ ದೃಷ್ಟಿಯು ಮಂದ, ಘ್ರಾಣವು ಅತಿ ತೀಕ್ಷ್ಣ; ಆದುದರಿಂದ ಮಂಚಿಕೆಯ ಮರವು ಹಂದಿಯ ದಾರಿಗೆ ಗಾಳಿಯ ಕೆಳಮಗ್ಗುಲಲ್ಲಿ ಇರತಕ್ಕದ್ದು. ಎರಡು ಮರಗಳ ನಡುವೆ ಹೊರಸನ್ನು ತೂಗಹಾಕುವವನು ಅನನುಭವಿ, ಏಕೆಂದರೆ ಗಾಳಿಗೆ ಒಂದು ಮರವು ಒಂದು ಕಡೆಗೂ ಇನ್ನೊಂದು ಮತ್ತೊಂದು ಕಡೆಗೂ ತೊನೆದು, ನಡುವೆ ಕುಳಿತವನ ಗಂಟುಗಳೆಲ್ಲ ಸಡಿಲುವುವು. ಒಂದೇ ಮರವಾದರೂ ನಾಲ್ಕು ಮೂಲೆಗಳನ್ನೂ ತೂಗುಬಿಡಬಾರದು. ಹಾಗೆ ಮಾಡಿದರೆ ಅದು ಜೋಕಾಲಿಯಾದೀತೇ ಹೊರತು ಆಸನವಾಗದು, ಕವಣೆಯ ಗುರಿಯೂ ನಿಲ್ಲದು, ಬಂದೂಕಿನ ಗುರಿಯೂ ನಿಲ್ಲದು. ಒಳಮಗ್ಗುಲಿನ ಪಟ್ಟಿಯನ್ನು ಕಾಂಡಕ್ಕೆ ಬಿಗಿಯಾಗಿ ಕಟ್ಟಿ, ಹೊರಮಗ್ಗುಲಿನ ಎರಡು ಮೂಲೆಗಳನ್ನು ಮಾತ್ರ ಮೇಲಿನ ಕೊಂಬೆಯಿಂದ ಹಗ್ಗದಲ್ಲಿ ಇಳಿಬಿಡುವುದು ಕ್ರಮ. ಕಾಲುಗಳು ಮೇಲ್ಮುಖವಾಗುವಂತೆ ಹೊರಸನ್ನು ಬೋರಲು ತಿರುಗಿಸಿ ಕಟ್ಟಿದರೆ ನಾಲ್ಕು ಮೂಲೆಗೆ ನಾಲ್ಕು ಗೂಟಗಳು ದೊರೆತಂತಾಗಿ, ಅವುಗಳಿಗೆ ಹಗ್ಗವನ್ನು ಸುತ್ತಿ ಎಲೆಗೊಂಬೆಗಳನ್ನು ಸಿಕ್ಕಿಸುವುದು ಸುಲಭ. ನಿದ್ರೆಯಲ್ಲಿ ಹೊರಳಿದವನನ್ನು ತಡೆಯುವುದಕ್ಕೂ ಅವೇ ಆಸರೆ.

ಮುಂದೆ ಸದ್ದಿನ ವಿಚಾರ. ಕಟ್ಟಿಗೆಯು ಕಟ್ಟಿಗೆಯನ್ನು ಮುಟ್ಟುವಲ್ಲೆಲ್ಲ ಗೋಣಿತಟ್ಟಿನ ತುಂಡನ್ನು ಇಡದಿದ್ದರೆ, ಕುಳಿತವನು ಮೈ ಕದಲಿಸಿದಾಗಲೆಲ್ಲ ಕಿರುಗುಟ್ಟುವ ದನಿಯು ನಿಶ್ಶಬ್ದವಾದ ಇರುಳಿನಲ್ಲಿ ಹರದಾರಿ ಕೇಳಿಸೀತು. ನಾರಿನ ಹಗ್ಗಕ್ಕೆ ಒಂದು ಸ್ವಭಾವವುಂಟು: ಇಬ್ಬನಿಗೆ ನೆನೆದರೆ ಕುಗ್ಗಿ ಬಿಗಿಯುತ್ತದೆ, ಬಿಸಿಲಿಗೆ ಒಣಗಿದರೆ ಸಡಿಲುತ್ತದೆ. ಆದಕಾರಣ ನಿನ್ನೆಯ ಗಂಟನ್ನು ನಂಬಿ ಇಂದು ಏರತಕ್ಕದ್ದಲ್ಲ. ದಿನವೂ ಸಂಜೆ ಒಮ್ಮೆ ಜಗ್ಗಿ ನೋಡಿ ಏರುವುದು ಹಿರಿಯರ ಪದ್ಧತಿ. ಭಾರವನ್ನು ಹೊರುವ ಕಡೆ ಸರಗಂಟನ್ನು ಹಾಕಬಾರದು. ಇಳಿಯುವಾಗ ಬುತ್ತಿಯ ಗಂಟನ್ನೋ ನೀರಿನ ತತ್ರಾಣಿಯನ್ನೋ ಕೆಳಗಿಳಿಸುವ ಹಗ್ಗಕ್ಕೆ ಮಾತ್ರ ಅದು ಯೋಗ್ಯ. ಇಷ್ಟೆಲ್ಲ ಆದ ಮೇಲೂ ಬುದ್ಧಿವಂತನಾದವನು ತನ್ನ ರುಮಾಲನ್ನು ಬಿಚ್ಚಿ, ಒಂದು ತುದಿಯನ್ನು ಸೊಂಟಕ್ಕೂ ಮತ್ತೊಂದನ್ನು ಕೊಂಬೆಗೂ ಕಟ್ಟಿಕೊಳ್ಳುವನು. ಪಶ್ಚಿಮದ ಬೇಟೆಗಾರರು ಇಂದು ಮರದ ಮೇಲಿನ ಆಸನದಿಂದ ಬೀಳದಿರಲೆಂದು ತೊಡುವ ಪಟ್ಟಿಗಳೂ ಕೊಂಡಿಗಳೂ ಮಾಡುವ ಕೆಲಸವು ಇದೇ.

ಇನ್ನು ಆಯುಧದ ಮಾತು. ಇಲ್ಲಿಗೆ ಬಂದೊಡನೆ ಮಂಚಿಕೆಯ ಚರಿತ್ರೆಯು ನಾಡಿನ ಚರಿತ್ರೆಯೊಡನೆ ತೊಡಕಿಕೊಳ್ಳುತ್ತದೆ. 1857ರಲ್ಲಿ ಕಂಪನಿಯ ಸರಕಾರವು ನಿಶ್ಶಸ್ತ್ರೀಕರಣದ ಕಾಯಿದೆಯನ್ನು ಹೊರಡಿಸಿ, ಪ್ರಜೆಗಳು ತಮ್ಮ ಆಯುಧಗಳನ್ನು ಒಪ್ಪಿಸತಕ್ಕದ್ದೆಂದು ವಿಧಿಸಿತು. ಮುಧೋಳ ಸಂಸ್ಥಾನಕ್ಕೆ ಸೇರಿದ ಹಲಗಲಿಯ ಬೇಡರು ಇದಕ್ಕೆ ಒಪ್ಪದೆ ತಿರುಗಿಬಿದ್ದರು. ಆ ವರ್ಷದ ನವೆಂಬರ್ ಕೊನೆಯಲ್ಲಿ ಸೈನ್ಯವು ಹಲಗಲಿಯನ್ನು ಮುತ್ತಿ, ಊರಿಗೆ ಬೆಂಕಿಯಿಟ್ಟಿತು. ಸೆರೆಸಿಕ್ಕವರಲ್ಲಿ ಹದಿಮೂರು ಮಂದಿಯನ್ನು ಡಿಸೆಂಬರ್ 11ರಂದು ಮುಧೋಳದಲ್ಲಿಯೂ, ಆರು ಮಂದಿಯನ್ನು 14ರಂದು ಹಲಗಲಿಯಲ್ಲಿಯೂ ಗಲ್ಲಿಗೇರಿಸಲಾಯಿತು. ಬಾದಾಮಿಯ ಶಾಸನಗಳನ್ನು ಓದಿದ ಫ್ಲೀಟರೇ ಈ ದಂಗೆಯ ಲಾವಣಿಯನ್ನೂ ಸಂಗ್ರಹಿಸಿ ಪ್ರಕಟಿಸಿದರು. ಅದು ಇಂದು ನಮ್ಮ ಶಾಲೆಯ ಮಕ್ಕಳಿಗೆ ಪಠ್ಯವಾಗಿದೆ. ದಂಗೆಯ ಮುಂದಾಳುಗಳಾದ ಜಡಗ, ಬಾಲರ ಶೌರ್ಯವನ್ನು ಮಕ್ಕಳಿಗೆ ಹೇಳುವ ಉಪಾಧ್ಯಾಯರು, ಆ ಆಯುಧಗಳಿಗೆ ಯುದ್ಧದ ಹೊರತು ಬೇರೆ ಉಪಯೋಗವೂ ಇದ್ದಿತೆಂಬುದನ್ನು ಸಾಮಾನ್ಯವಾಗಿ ಹೇಳುವುದಿಲ್ಲ. ಬೇಟೆಯೇ ಕುಲವೃತ್ತಿಯಾಗಿದ್ದ ಜನಕ್ಕೆ ಬಂದೂಕು, ಭರ್ಚಿಗಳು ಮಾನದ ಚಿಹ್ನೆಯಾಗಿದ್ದಂತೆಯೇ ಇರುಳಿನ ಕಾವಲಿನ ಸಾಧನವೂ ಆಗಿದ್ದುವು. ಅವನ್ನು ಕಸಿದುಕೊಳ್ಳುವುದೆಂದರೆ ಅನ್ನದ ತಟ್ಟೆಯನ್ನು ಕಸಿದುಕೊಂಡಂತೆಯೇ ಎಂದು ಅವರು ಬಗೆದಿದ್ದರೆ ಅದರಲ್ಲಿ ಆಶ್ಚರ್ಯಪಡತಕ್ಕುದೇನೂ ಇಲ್ಲ.

ಅನಂತರ 1878ರ ಆಯುಧ ಕಾಯಿದೆಯು ಬಂದಿತು; ಬಂದೂಕಿಗೆ ಲೈಸೆನ್ಸು ಬೇಕಾಯಿತು. ಇದರ ಪರಿಣಾಮವು ಮಂಚಿಕೆಯ ಮೇಲೆ ಸ್ಪಷ್ಟವಾಗಿ ಮೂಡಿದೆಯೆಂದು ನನ್ನ ಅಭಿಪ್ರಾಯ. ಲೈಸೆನ್ಸುಳ್ಳ ಗೌಡನೊಬ್ಬನನ್ನು ಬಿಟ್ಟರೆ ಉಳಿದವರ ಮಂಚಿಕೆಯು ಕೊಲ್ಲುವ ಸ್ಥಾನವಾಗಿರದೆ, ಬೆದರಿಸುವ ಸ್ಥಾನವಾಯಿತು. ಕವಣೆ, ಹಲಗೆ, ತಗಡಿನ ಡಬ್ಬಿ, ಉರಿಯುವ ಕೊಳ್ಳಿ, ಮತ್ತು ಮನುಷ್ಯನ ಕಂಠ, ಇವೇ ಅಲ್ಲಿಯ ಆಯುಧಗಳು. ಸ್ವತಂತ್ರ ಭಾರತದ 1959ರ ಆಯುಧ ಕಾಯಿದೆಯು ಬೆಳೆಯ ರಕ್ಷಣೆಗೆಂದು ಬಾಯಿಂದ ಮದ್ದು ತುಂಬುವ ಬಂದೂಕಿಗೆ ಲೈಸೆನ್ಸು ಕೊಡುವ ಅವಕಾಶವನ್ನು ಇರಿಸಿತು. ಹಲಗಲಿಯ ಬೇಡರಿಗೆ ಅದು ಒಂದು ಶತಮಾನದಷ್ಟು ತಡವಾಗಿ ಬಂದ ಉತ್ತರವೆನ್ನಬಹುದು. ಅತ್ತ ಬ್ರಿಟಿಷರ ಕಾಲದಲ್ಲಿ ಸಾಹೇಬರ ಬೇಟೆಗೆ ಯಾವ ತಡೆಯೂ ಇರಲಿಲ್ಲ. 1885ರಲ್ಲಿ ಬಿಜಾಪುರಕ್ಕೆ ಸ್ಥಳಾಂತರವಾಗುವವರೆಗೆ ಜಿಲ್ಲೆಯ ಕಚೇರಿಯು ಕಲಾದಗಿಯಲ್ಲಿದ್ದು, ಅಧಿಕಾರಿಗಳಿಗೆ ಗುಡ್ಡದ ಚಿರತೆಯೂ ಹಳ್ಳದ ಹಂದಿಯೂ ಕೈಯಳತೆಯಲ್ಲಿಯೇ ಇದ್ದುವು. ಮೇಕೆಯನ್ನು ಕೆಳಗೆ ಕಟ್ಟಿ ಮೇಲೆ ಮಚಾನಿನಲ್ಲಿ ಕುಳಿತುಕೊಳ್ಳುವ ಶಿಕಾರಿಯು ಆ ಕಾಲದ ಶೋಕಿ. ಒಂದೇ ಹೊರಸು ಒಬ್ಬನಿಗೆ ವಿನೋದವೂ ಒಬ್ಬನಿಗೆ ನಿದ್ರೆಗೇಡೂ ಆಗಿದ್ದ ಈ ವಿಲಕ್ಷಣವನ್ನು ಶಿಕಾರಿಯ ಗ್ರಂಥಕರ್ತರು ಕಂಡಂತೆ ತೋರುವುದಿಲ್ಲ.

ಬೇಟೆಯನ್ನೇ ನೆಚ್ಚಿ ಅಲೆದಾಡುತ್ತಿದ್ದ ಹರಣಶಿಕಾರಿಗಳು ಮಾತ್ರ ಮಂಚಿಕೆಯನ್ನು ಅಷ್ಟಾಗಿ ಆಶ್ರಯಿಸಿದವರಲ್ಲ. ಉರುಲು, ಬಲೆಗಳೇ ಅವರ ಸಾಧನ. ಒಂದೆಡೆ ನೆಲೆ ನಿಲ್ಲದವನಿಗೆ ಮರದಲ್ಲಿ ಆಸನವನ್ನು ಕಟ್ಟುವ ವ್ಯವಧಾನವೆಲ್ಲಿಯದು? ಅಪರಾಧಿ ಬುಡಕಟ್ಟುಗಳ ಕಾಯಿದೆಯು ಇಂತಹ ಅಲೆಮಾರಿಗಳನ್ನು ಬೇಲಿಯೊಳಗಿನ ಸೆಟ್ಲಮೆಂಟುಗಳಿಗೆ ತಳ್ಳಿತು. 1952ರಲ್ಲಿ ಆ ಕಾಯಿದೆಯು ರದ್ದಾಯಿತು. ಅವರ ಕಥೆಯು ಪ್ರತ್ಯೇಕ ಗ್ರಂಥಕ್ಕೆ ವಿಷಯವಾದುದು.

ಮಂಚಿಕೆಯ ಇತ್ತೀಚಿನ ಚರಿತ್ರೆಯನ್ನು ಬದಲಾಯಿಸಿದುವು ಎರಡು: ನೀರು ಮತ್ತು ಕಾನೂನು. 1964ರಲ್ಲಿ ಅಡಿಗಲ್ಲಿಟ್ಟ ಆಲಮಟ್ಟಿಯ ಅಣೆಕಟ್ಟಿನ ಹಿನ್ನೀರು ಹಳೆಯ ಬಾಗಲಕೋಟೆಯ ಭಾಗಗಳನ್ನೂ ಹೊಳೆಸಾಲಿನ ಹೊಲಗಳನ್ನೂ ನುಂಗಿತು; ನೀರು ಹರಿದಲ್ಲಿ ಜೋಳದ ಬದಲು ಕಬ್ಬು ನಿಂತಿತು. ಆಳೆತ್ತರದ ಕಬ್ಬಿನ ಗದ್ದೆಯು ಹಂದಿಗೆ ಗುಡ್ಡಕ್ಕಿಂತಲೂ ಒಳ್ಳೆಯ ಮನೆ. ಹಗಲು ಗುಡ್ಡ, ಇರುಳು ಹೊಲ ಎಂಬ ಹಿಂದಿನ ಲೆಕ್ಕವು ಹೀಗೆ ತಪ್ಪಿಹೋಗಿ, ಯಾವ ದಿಕ್ಕಿಗೆ ಮುಖ ಮಾಡಿ ಮಂಚಿಕೆಯನ್ನು ಕಟ್ಟಬೇಕೆಂಬುದೇ ತಿಳಿಯದಂತಾಯಿತು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯು ಬೇಟೆಯನ್ನು ಅಪರಾಧವೆಂದು ಸಾರಿತು. ನಿಂತ ಬೆಳೆಯನ್ನು ಹಾಳುಮಾಡುವ ಪ್ರಾಣಿಯನ್ನು ಕೊಲ್ಲಬೇಕಾದರೂ ಅಧಿಕಾರಿಯ ಲಿಖಿತ ಅಪ್ಪಣೆಯು ಬೇಕು. ಯುಗಾದಿಯ ಹೊತ್ತಿಗೆ ಊರಿಗೆ ಊರೇ ಮೊಲದ ಬೇಟೆಗೆ ಹೊರಡುತ್ತಿದ್ದ ವಾಡಿಕೆಯೂ ಈಗ ದಂಡನೀಯವೇ. 2016ರಲ್ಲಿ ಬೀಳಗಿ, ಮುಧೋಳ ತಾಲ್ಲೂಕುಗಳ ಯಡಹಳ್ಳಿಯ ಕುರುಚಲು ಕಾಡನ್ನು, ಸುಮಾರು 96 ಚದರ ಕಿಲೋಮೀಟರುಗಳಷ್ಟನ್ನು, ಚಿಂಕಾರಗಳ ಅಭಯಾರಣ್ಯವೆಂದು ಸರಕಾರವು ಘೋಷಿಸಿತು. ಹಲಗಲಿಯು ಈ ಅಡವಿಯ ನೆರೆಯ ಊರು. ಬೇಡರ ಊರಿನ ಮಗ್ಗುಲಲ್ಲಿಯೇ ಮೃಗಗಳಿಗೆ ಅಭಯವು ದೊರೆತುದು ಒಳ್ಳೆಯದೇ ಆಯಿತೆಂದು ನಾನು ಎಣಿಸುತ್ತೇನೆ; ಬರಿದಾಗುತ್ತಿದ್ದ ಬಯಲಿಗೆ ಬೇರೆ ದಾರಿಯಿರಲಿಲ್ಲ. ಆದರೆ ತಂತಿಬೇಲಿಗೆ ಕದ್ದು ವಿದ್ಯುತ್ತನ್ನು ಹಾಯಿಸಿ ಹಂದಿಯೊಡನೆ ಮನುಷ್ಯನನ್ನೂ ಕೊಲ್ಲುವ ಈಚಿನ ಉಪಾಯಕ್ಕಿಂತ, ಮರದ ಮೇಲೆ ಎಚ್ಚರದಿಂದ ಕುಳಿತು ಡಬ್ಬಿ ಬಡಿಯುವ ಹಳೆಯ ಉಪಾಯವು ಎಷ್ಟೋ ಮೇಲೆಂಬುದನ್ನೂ ಹೇಳದಿರಲಾರೆನು. ಬೇಟೆಯು ನಿಂತರೂ ಕಾವಲು ನಿಲ್ಲಲಿಲ್ಲ. ಹೊರಸಿನ ಬದಲು ಕಬ್ಬಿಣದ ಮಂಚ, ಪುಂಡಿನಾರಿನ ಬದಲು ನೈಲಾನ್ ಹಗ್ಗ, ಕೊಳ್ಳಿಯ ಬದಲು ಬ್ಯಾಟರಿ ಬಂದಿವೆ, ಅಷ್ಟೆ.

ಐಹೊಳೆ, ಬಾದಾಮಿಗಳ ವಸ್ತುಸಂಗ್ರಹಾಲಯಗಳು ಕಲ್ಲಿನ ಚರಿತ್ರೆಯನ್ನು ಚೆನ್ನಾಗಿ ಕಾಯ್ದಿರಿಸಿವೆ. ಕಟ್ಟಿಗೆ, ನಾರುಗಳ ಚರಿತ್ರೆಗೆ ಗೆದ್ದಲೇ ಸಂಗ್ರಹಾಲಯ, ಆದುದರಿಂದ ತಡಮಾಡಲಾಗದು. ಬಾಗಲಕೋಟೆ, ಇಳಕಲ್ಲುಗಳ ಕಾಲೇಜುಗಳಲ್ಲಿ ಜಾನಪದವನ್ನು ಓದುವ ವಿದ್ಯಾರ್ಥಿಗಳು ಒಂದು ನೂಲಹಗ್ಗವನ್ನೂ ಒಂದು ನೋಟುಬುಕ್ಕನ್ನೂ ಹಿಡಿದು ಹೊರಟು, ಮಂಚಿಕೆಯೊಂದನ್ನು ಅಳೆದು, ಅದರ ನಕ್ಷೆಯನ್ನು ಬರೆದು, ಒಂದೊಂದು ಗಂಟಿಗೂ ಕಟ್ಟಿದವನು ಹೇಳುವ ಹೆಸರನ್ನು ಕೇಳಿ ದಾಖಲಿಸಬೇಕೆಂದು ನನ್ನ ವಿಜ್ಞಾಪನೆ. ಪಂಚಮಿ ಕಳೆದು ಶೇಂಗಾ ಬಲಿಯುವ ಕಾಲಕ್ಕೆ, ಬಾದಾಮಿಯ ಗುಡ್ಡಗಳ ಅಡಿಯ ಹೊಲಗಳಿಗೆ ಹೋಗತಕ್ಕದ್ದು; ಹಗಲು ಹೊತ್ತಿನಲ್ಲಿ ಹೋದರೆ ಕಾವಲಿನವನು ಮಲಗಿರುತ್ತಾನೆ, ಸಂಜೆ ಹೋಗಬೇಕು.